ಜೊಂಡುಕೋಳಿಯ ಮೂರನೆಯ ಸ್ವರ

ಅವಳು ಗೇಟಿನ ಚಿಲಕ ಹಾಕುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿದ ಮಾತು, ಬಸ್ಸು ಹತ್ತಿ ಇಳಿದು ಕಚೇರಿಯ ಮೆಟ್ಟಿಲು ಮುಟ್ಟುವವರೆಗೂ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು. ದಿನವಿಡೀ ಕಿವಿಗೆ ಮುಚ್ಚಳ ಹಾಕಿಕೊಂಡು ಕೂತಿರುತ್ತೀಯಂತಲ್ಲ, ಅದರಲ್ಲಿ ಏನು ಕೇಳುತ್ತೆ ಎಂದಿದ್ದರು ಅತ್ತೆ. ಹಕ್ಕಿ, ಎಂದಳು. ಹಕ್ಕಿ ಕೂಗಿದ್ದು ಕೇಳೋದೂ ಒಂದು ನೌಕರಿನಾ, ಹಾಗಾದರೆ ಹಿತ್ತಲಲ್ಲಿ ಕೂತು ನಾನೂ ದುಡೀತಿದ್ದೀನಿ ಅನ್ನು, ಎಂದು ಅತ್ತೆ ನಕ್ಕರು. ಮಗ ಹೋದ ಮೇಲೆ ಅವರು ನಗುವುದು ಹೀಗೆಯೇ, ಬಾಯಿಯಿಂದ ಮಾತ್ರ. ಕಣ್ಣು ಗೇಟಿನಾಚೆ ಎಲ್ಲೋ ಇರುತ್ತದೆ. ಅವಳೂ ನಕ್ಕಳು. ಹಕ್ಕಿ ಎಂದದ್ದು ಸುಳ್ಳು. ಆ ಮುಚ್ಚಳದೊಳಗೆ ಅವಳು ಕೇಳುತ್ತಿದ್ದದ್ದು ಆ ಮುದುಕಿಯ ಮಗನನ್ನು. ಹೆತ್ತವಳಿಗೆ ಗೊತ್ತಾಗದ ಹಾಗೆ, ಮನೆಯಲ್ಲಿ ತಿಂಡಿ ಬಚ್ಚಿಟ್ಟುಕೊಂಡು ತಿನ್ನುವವರ ಹಾಗೆ, ಇಷ್ಟು ತಿಂಗಳಿಂದ ಒಬ್ಬಳೇ ಕೂತು ಕೇಳುತ್ತಿದ್ದಳು.

ಕೆಲಸ ಹೇಳಿಕೊಳ್ಳಲು ಸುಲಭ. ಊರಾಚೆಯ ಜೌಗಿನಲ್ಲಿ ಜೊಂಡಿನ ನಡುವೆ ಕಂಬ ನೆಟ್ಟು ರೆಕಾರ್ಡರುಗಳನ್ನು ಕಟ್ಟಿದ್ದರು. ಅವು ಕಳೆದ ಕೆಲವು ವರ್ಷಗಳಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಯಂತ್ರ ಸೋಸಿ, ಜೊಂಡುಕೋಳಿಯ ಕೂಗೆಂದು ಅನುಮಾನ ಬಂದಲ್ಲೆಲ್ಲ ಕತ್ತರಿಸಿ, ತುಣುಕುಗಳನ್ನು ಅವಳ ಮುಂದಿಡುತ್ತಿತ್ತು. ಅವಳು ಕೇಳಿ ‘ಹೌದು’ ಅಥವಾ ‘ಅಲ್ಲ’ ಒತ್ತಬೇಕು. ಹೌದುಗಳೆಲ್ಲ ಕೂಡಿ ಸೂಚ್ಯಂಕವಾಗುತ್ತವೆ. ಸೂಚ್ಯಂಕ ಗುರಿ ಮುಟ್ಟಿದರೆ ವರದಿಯ ಮೊದಲ ಪುಟದಲ್ಲಿ ಜೌಗಿನ ಹೆಸರಿನ ಮುಂದಿರುವ ಚೌಕ ಹಸಿರಾಗುತ್ತದೆ. ಆ ಹಕ್ಕಿಯನ್ನು ಕಣ್ಣಾರೆ ಕಂಡವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೊಂದು ಚಿತ್ರವಿತ್ತು, ಅದೂ ಬಿಸಿಲಿಗೆ ಬೆಳ್ಳಗಾಗಿ ಯಾವ ಕೋಳಿ ಎಂದು ಹೇಳುವಂತಿರಲಿಲ್ಲ. ಕಣ್ಣಿಗೆ ಬೀಳದ ಪ್ರಾಣಿಗಳನ್ನು ಎಣಿಸುವ ಬಗೆಯ ಮೇಲೆ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದವಳು ಅವಳು. ಆದರೆ ಈ ಕುರ್ಚಿ ಸಿಕ್ಕಿದ್ದು ಆ ಪ್ರಬಂಧಕ್ಕಲ್ಲ. ಜೌಗಿನ ರೆಕಾರ್ಡರುಗಳನ್ನು ನೋಡಿಕೊಳ್ಳುತ್ತಿದ್ದ ಗಂಡ ಸತ್ತದ್ದಕ್ಕೆ. ಅನುಕಂಪದ ನೇಮಕ, ಇನ್ನೂ ಖಾಯಂ ಆಗದ್ದು. ಮೊದಲ ದಿನ ಹೆಡ್ ಕ್ಲಾರ್ಕ್ ಅವಳನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗಿ, ನಮ್ಮ ಹುಡುಗನ ಹೆಂಡತಿ, ಪಾಪ, ಎಂದು ಪರಿಚಯಿಸಿದ್ದ. ಅವಳ ಹೆಸರು ಹೇಳಲು ಅವನು ಮರೆತಿದ್ದ. ಈಗಲೂ ಅವಳು ಊಟದ ಕೋಣೆಗೆ ಹೋದರೆ ಮಾತು ತಗ್ಗುತ್ತದೆ, ಯಾರೋ ಕುರ್ಚಿ ಎಳೆದು ಕೊಡುತ್ತಾರೆ. ಹಾಗೆ ಎಳೆದು ಕೊಟ್ಟ ಕುರ್ಚಿಯಲ್ಲಿ ಕೂತರೆ ಬೆನ್ನು ತಾನಾಗಿ ಬಗ್ಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಇಲ್ಲಿಯೇ. ಅಂದಿನಿಂದ ಕಿಟಕಿಯ ಹತ್ತಿರ ನಿಂತೇ ಉಣ್ಣುತ್ತಾಳೆ.

ಮೊದಲ ವಾರದಲ್ಲೇ ಆ ತುಣುಕು ಬಂದಿತ್ತು. ಎರಡು ಸ್ವರ ಮೇಲಕ್ಕೆ, ಆಮೇಲೆ ಮುರಿದು ಬೀಳುವ ಮೂರನೆಯದು. ಯಂತ್ರ ತನ್ನ ಖಚಿತತೆಯನ್ನು ಎತ್ತರದ ಗೆರೆಯಾಗಿ ಬರೆದು ತೋರಿಸಿತ್ತು. ಎರಡನೆಯ ಸ್ವರಕ್ಕೂ ಮೂರನೆಯದಕ್ಕೂ ನಡುವೆ ಒಂದು ಸಣ್ಣ ಗಾಳಿಯಿತ್ತು, ಮುಕ್ಕಾದ ಮುಂದಿನ ಹಲ್ಲಿನ ಸಂದಿಯಿಂದ ಜಾರಿಹೋಗುವ ಗಾಳಿ. ಯಾವ ಹಕ್ಕಿಗೆ ಹಲ್ಲಿದೆ? ಅವಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅಲ್ಲ ಎಂದು ಒತ್ತಿದ ತುಣುಕನ್ನು ಯಂತ್ರ ಕಸವೆಂದು ಅಳಿಸಿಬಿಡುತ್ತದೆ. ಜಾಗ ಉಳಿಸಲು ಹಾಗೆ ವ್ಯವಸ್ಥೆ ಮಾಡಿದ್ದರು. ಅವಳು ಹೌದು ಒತ್ತಿದಳು. ಮರುದಿನ ಅವನು ಮತ್ತೆ ಬಂದ, ಬೇರೆ ಕಂಬದ ಹತ್ತಿರ, ನೆಗಡಿಯಾದ ಹಾಗಿತ್ತು; ಹೌದು. ಮಳೆ ಬಿದ್ದು ನಿಂತ ಮೇಲಿನ ಒಂದು ಸಿಳ್ಳೆ, ಅವಸರದ್ದೊಂದು, ನಗುತ್ತಾ ಹೊಡೆದದ್ದೊಂದು. ಹೌದು, ಹೌದು, ಹೌದು. ಮೊಬೈಲನ್ನು ಹೆಡ್‌ಫೋನಿಗೆ ಹಿಡಿದು ಕದ್ದೊಯ್ಯಬಹುದಿತ್ತು, ಅದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಕದ್ದರೆ ಅದು ಹಕ್ಕಿಯಲ್ಲವೆಂದು ತಾನೇ ಒಪ್ಪಿಕೊಂಡ ಹಾಗೆ. ಇಲ್ಲಿ, ಈ ಪರದೆಯ ಮೇಲೆ, ಹಕ್ಕಿಯಾಗಿರುವವರೆಗೆ ಅವನು ಕಚೇರಿಯ ಲೆಕ್ಕದಲ್ಲಿ ಬದುಕಿದ್ದ. ಬದುಕಿದ್ದಷ್ಟೇ ಅಲ್ಲ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದ.

ಮನೆಯ ಗೇಟಿಗೆ ಬಂದಾಗಲೂ ಅವನು ಕರೆಯುತ್ತಿದ್ದದ್ದು ಜೊಂಡುಕೋಳಿಯದೇ ಧಾಟಿಯ ಈ ಮೂರು ಸ್ವರದ ಸಿಳ್ಳೆಯಲ್ಲೇ. ಗಂಟೆಯಿತ್ತು, ಒತ್ತುತ್ತಿರಲಿಲ್ಲ. ಮನೆಯೇನು ಬಸ್ ಸ್ಟ್ಯಾಂಡಾ ಎಂದು ಅತ್ತೆ ಒಳಗಿನಿಂದ ಬೈಯುತ್ತಲೇ ಬಾಗಿಲು ತೆಗೆಯಲು ಏಳುತ್ತಿದ್ದರು. ಕೆಸರು ಮೆತ್ತಿದ ಬೂಟು, ಭರ್ತಿ ಮಾಡದ ದಿನಚರಿ, ನಾಲ್ಕು ಸಲ ನೆನಪಿಸಿದರೂ ಹಲ್ಲಿನ ಡಾಕ್ಟರ ಹತ್ತಿರ ಹೋಗದ ಮೊಂಡುತನ. ಒಂದು ಸಂಜೆ ಅವಳಿಗೆ ರೇಗಿಹೋಯಿತು. ನಾನೇನು ನಾಯಿನಾ, ಸಿಳ್ಳೆ ಹಾಕಿ ಕರೆಯೋಕೆ, ಬಾಯಿಗೆ ನನ್ನ ಹೆಸರು ಬರಲ್ವಾ ಎಂದು ಕೇಳಿಬಿಟ್ಟಳು. ಅವನು ಮುಖ ಸಣ್ಣದು ಮಾಡಿಕೊಂಡ. ಅಂದಿನಿಂದ ಗಂಟೆ ಒತ್ತತೊಡಗಿದ, ಎರಡು ಸಲ, ಪೋಸ್ಟ್‌ಮ್ಯಾನಿನ ಹಾಗೆ. ಸತ್ತ ದಿನವೂ ಗಂಟೆ ಒತ್ತಿಯೇ ಬಂದಿದ್ದ, ಕೆನ್ನೆ ಹಿಡಿದುಕೊಂಡು. ನೋವಿನ ಮಾತ್ರೆ ತರುತ್ತೇನೆಂದು ತಿರುಗಿ ಹೋದವನ ಮೇಲೆ ಪೇಟೆಯ ನಡುವೆ ಲಾರಿಯೊಂದು ಹಿಂದಕ್ಕೆ ಸರಿಯಿತು. ಮನೆಯಲ್ಲಿ ನಿಂತುಹೋದ ಸಿಳ್ಳೆ ಜೌಗಿನಲ್ಲಿ ನಿಂತಿರಲಿಲ್ಲ ಎಂಬುದು ತುಣುಕುಗಳ ಮೇಲಿನ ತಾರೀಖು ನೋಡಿದಾಗ ಗೊತ್ತಾಯಿತು. ಅವಳಿಗೆ ಇಲ್ಲವೆಂದಾದದ್ದನ್ನು ಅವನು ಜೊಂಡಿಗೆ ಕೊಡುತ್ತಿದ್ದ. ಆ ತಾರೀಖುಗಳ ತುಣುಕುಗಳಿಗೆ ಹೌದು ಒತ್ತುವಾಗ ಅವಳು ಬೆರಳನ್ನು ಸ್ವಲ್ಪ ಹೊತ್ತು ಹೆಚ್ಚಿಗೆ ಒತ್ತಿ ಹಿಡಿಯುತ್ತಿದ್ದಳು.

ಆ ಬೆಳಿಗ್ಗೆ ಮೆಟ್ಟಿಲು ಹತ್ತಿ ಬ್ಯಾಗು ಇಡುವಷ್ಟರಲ್ಲಿ ಡೈರೆಕ್ಟರ ಕರೆ ಬಂತು. ಅವರು ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಹತ್ತಿರವಾದವರು, ಕೋಣೆಯ ಗಿಡಕ್ಕೆ ತಾವೇ ನೀರು ಹಾಕುವವರು. ಮಧ್ಯಾಹ್ನದ ಸಭೆಗೆ ಹೊರಗಿನಿಂದ ತಪಾಸಣೆಯವರು ಬರುತ್ತಾರೆ, ಜೌಗಿನ ಚೌಕ ಹಸಿರಾಗಿದೆ, ತುಣುಕುಗಳನ್ನು ಪರಿಶೀಲಿಸಿದವರು ಎಂಬಲ್ಲಿ ನಿಮ್ಮ ಸಹಿ ಬೇಕು, ಎಂದರು. ಇಷ್ಟು ವರ್ಷದಲ್ಲಿ ಇದೊಂದೇ ಹಸಿರು, ಎಂದಾಗ ಅವರ ದನಿ ಮಗುವಿನ ಅಂಕಪಟ್ಟಿ ತೋರಿಸುವವರ ಹಾಗಿತ್ತು. ಹಸಿರಾದ ಮೇಲೆ ಏನಾಗುತ್ತೆ ಎಂದು ಅವಳು ಕೇಳಿದಳು. ಗೊತ್ತಿದ್ದೂ ಕೇಳಿದಳು, ಅವರ ಬಾಯಿಂದ ಕೇಳಬೇಕಿತ್ತು. ಗುರಿ ಮುಟ್ಟಿದ ಮೇಲೆ ಯೋಜನೆ ಮುಗಿದ ಹಾಗೆ, ಜೌಗಿಗೆಂದು ಬಿಡುತ್ತಿದ್ದ ತೂಬಿನ ನೀರು ಹೊಸ ಬಡಾವಣೆಗೆ ಹೋಗುತ್ತದೆ, ಹಕ್ಕಿ ತನ್ನ ಕಾಲ ಮೇಲೆ ನಿಂತಿತಲ್ಲ, ಎಂದರು. ನಂತರ ದನಿ ತಗ್ಗಿಸಿ, ನೋಡಮ್ಮ, ಒಂದು ಕಡೆ ಗೆದ್ದೆವು ಅಂತ ತೋರಿಸದೆ ಹೋದರೆ ಬೇರೆ ನಾಲ್ಕು ಕಡೆ ಕೆಲಸ ಶುರು ಮಾಡೋಕೆ ಯಾರೂ ಬಿಡಲ್ಲ, ಎಂದರು. ಅದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಪುಟ್ಟ ಗುಣಾಕಾರದ ಗುರುತು ಹಾಕಿಟ್ಟಿದ್ದರು, ಓದುಬರಹ ಬಾರದವರಿಗೆ ಹಾಕಿಕೊಡುವ ಹಾಗೆ. ಸಭೆಗೆ ಮುಂಚೆ ಇನ್ನೊಮ್ಮೆ ಕೇಳಿ ನೋಡ್ತೀನಿ ಸಾರ್, ಎಂದಳು. ಇನ್ನೇನು ಕೇಳೋದು ಉಳಿದಿದೆ, ಎಂದು ಅವರು ಗಿಡದ ಕಡೆ ತಿರುಗಿದರು.

ಏನು ಉಳಿದಿದೆ? ಜಾಗಕ್ಕೆ ಮರಳಿ ಲೆಕ್ಕ ಹಾಕಿದಳು. ಸಹಿ ಹಾಕಿದರೆ ತುಣುಕುಗಳು ಉಳಿಯುತ್ತವೆ, ನೌಕರಿ ಖಾಯಂ ಆಗುತ್ತದೆ, ಜೌಗು ಒಣಗುತ್ತದೆ. ಅವಳು ಒತ್ತಿದ ಒಂದೊಂದು ಹೌದೂ ತೂಬಿನ ಬಾಗಿಲನ್ನು ಒಂದೊಂದು ಬೆರಳಗಲ ಇಳಿಸಿತ್ತು. ಸಹಿ ಹಾಕದಿದ್ದರೆ ಅವನು ಕಸದಲ್ಲಿ ಹೋಗುತ್ತಾನೆ. ಅದಕ್ಕಿಂತ ಮುಳ್ಳಾದದ್ದು ಇನ್ನೊಂದಿತ್ತು: ಅವನು ಮೋಸ ಮಾಡಿದನೆಂದು ಹೇಳುತ್ತಾರೆ. ಲೆಕ್ಕ ಏರಿಸಲು ಕಂಬ ಕಂಬಕ್ಕೆ ಹೋಗಿ ಸಿಳ್ಳೆ ಹೊಡೆದ ಎನ್ನುತ್ತಾರೆ, ಊಟದ ಕೋಣೆಯಲ್ಲಿ ದನಿ ತಗ್ಗಿಸದೆ. ನಿಜವಾಗಿ ಅವನು ಹೊಡೆದದ್ದೇಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಇಷ್ಟು ತಿಂಗಳಲ್ಲಿ ಅವಳು ಅವನ ದನಿಯನ್ನು ಕೇಳಿದ್ದಳು, ಅವನನ್ನು ಏನೂ ಕೇಳಿರಲಿಲ್ಲ. ಮೂರು ಸ್ವರ ಮುಗಿದದ್ದೇ ಯಂತ್ರ ಕತ್ತರಿ ಹಾಕುತ್ತಿತ್ತು, ಆಮೇಲೆ ಏನಿತ್ತು?

ಕೆಳಗಿನ ಯಂತ್ರದ ಕೋಣೆಯವನನ್ನು ಎಲ್ಲರೂ ಬ್ಯಾಟರಿ ಎನ್ನುತ್ತಿದ್ದರು. ಜೇಬು ಸದಾ ಬ್ಯಾಟರಿಗಳಿಂದ ಜೋತುಬಿದ್ದಿರುತ್ತಿತ್ತು. ವರದಿ ಮುಗಿಯುವವರೆಗೆ ಮಾತ್ರ ಅಲ್ಲಿ ಇಟ್ಟಿರುತ್ತಿದ್ದ ಕತ್ತರಿಸದ ರೆಕಾರ್ಡಿಂಗ್ ಬೇಕು ಎಂದಾಗ ಅವನು ತಲೆ ಕೆರೆದುಕೊಂಡ. ಇಡೀ ಹಾಡು ಬೇಕಾ ಅಕ್ಕ, ಇಷ್ಟು ದಿನ ಪಲ್ಲವಿ ಸಾಕಾಗಿತ್ತಲ್ಲ, ಎಂದ. ನಂತರ ಅವಳ ಮುಖ ನೋಡಿ ತಮಾಷೆ ನುಂಗಿಕೊಂಡು ಹುಡುಕಿ ಕೊಟ್ಟ. ಆ ಕೋಣೆಯಲ್ಲೇ, ಫ್ಯಾನುಗಳ ಮೊರೆತದ ನಡುವೆ, ನಿಂತುಕೊಂಡೇ ಕೇಳಿದಳು. ಜೊಂಡಿನ ಸರಸರ. ನೀರಿನಲ್ಲಿ ಬೂಟು ಇಟ್ಟು ಕೀಳುವ ಸದ್ದು, ಕಂಬದ ಪೆಟ್ಟಿಗೆಯ ಮುಚ್ಚಳ. ಆಮೇಲೆ ಸಿಳ್ಳೆ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಎಷ್ಟು ಹೊತ್ತು ನಡೆಯಿತೆಂದರೆ ರೆಕಾರ್ಡಿಂಗ್ ಕೆಟ್ಟಿತೇನೋ ಎಂದು ಅವಳು ದನಿ ಹೆಚ್ಚಿಸಿದಳು, ಆಗ ಉಸಿರು ಕೇಳಿಸಿತು. ಅವನು ನಿಂತಿದ್ದ. ಉತ್ತರಕ್ಕೆ ಕಾಯುತ್ತಿದ್ದ. ಜೊಂಡಿನಲ್ಲಿ ಒಂದೇ ಒಂದು ಕೋಳಿ ಇದ್ದಿದ್ದರೂ ಆ ಕೂಗಿಗೆ ಸುಮ್ಮನಿರುತ್ತಿರಲಿಲ್ಲ. ಯಾರಯ್ಯ ನೀನು ನನ್ನ ಜಾಗದಲ್ಲಿ ಎಂದು ತಿರುಗಿ ಕೂಗಬೇಕು, ಅದರ ಸ್ವಭಾವ ಅದು. ಬಹಳ ಹೊತ್ತಿನ ಮೇಲೆ, ಮೈಕಿಗಲ್ಲ, ತನಗೆ ತಾನೇ ಎಂಬಂತೆ, ಇವತ್ತೂ ಇಲ್ಲ, ಎಂದ. ಬೂಟಿನ ಸದ್ದು ದೂರವಾಯಿತು. ಅವಳು ಇನ್ನೊಂದು ತೆಗೆಸಿದಳು, ಮತ್ತೊಂದು. ಎಲ್ಲದರಲ್ಲೂ ಆ ಕಾಯುವಿಕೆ, ಎಲ್ಲದರ ಕೊನೆಗೂ ಇವತ್ತೂ ಇಲ್ಲ. ಒಂದರಲ್ಲಿ ಮಾತ್ರ, ಎಲ್ಲಿ ಹಾಳಾಗಿ ಹೋದ್ರಿ ಮಾರಾಯ್ರಾ, ಎಂದಿತ್ತು. ಬ್ಯಾಟರಿ ಗೋಡೆಯ ಕಡೆ ತಿರುಗಿ ತಂತಿ ಸುತ್ತುವವನ ಹಾಗೆ ನಟಿಸುತ್ತಿದ್ದ. ಅವಳಿಗೆ ಅಳು ಬರಲಿಲ್ಲ; ಬಹಳ ದಿನಗಳ ಮೇಲೆ ಸಿಟ್ಟು ಬಂತು. ಜೋಮು ಹಿಡಿದ ಕಾಲಿಗೆ ರಕ್ತ ಮರಳುವಾಗ ಚುಚ್ಚುವ ಹಾಗೆ, ಮೈಯೆಲ್ಲ. ಅವನು ಕೇಳಿದ್ದು ಪ್ರಶ್ನೆ. ಇವರು ಪ್ರಶ್ನೆಯನ್ನೇ ಕತ್ತರಿಸಿ ಉತ್ತರವೆಂದು ಎಣಿಸಿದ್ದರು. ಇವರು ಯಾರು, ಅವಳೇ ಎಣಿಸಿದ್ದಳು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಬಾಟಲಿಗಳು, ಪರದೆಯ ಮೇಲೆ ಕೆಂಪು ಚೌಕಗಳ ಸಾಲಿನಲ್ಲಿ ಒಂದೇ ಒಂದು ಹಸಿರು. ತಪಾಸಣೆಗೆ ಬಂದ ಹೆಂಗಸಿಗೆ ಜೋರು ನೆಗಡಿಯಾಗಿತ್ತು. ಕರವಸ್ತ್ರದ ಹಿಂದಿನಿಂದಲೇ ಎಲ್ಲರಿಗೂ ತಲೆಯಾಡಿಸುತ್ತಿದ್ದಳು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ಡೈರೆಕ್ಟರು ಮೇಜಿನ ನಡುವೆ ಒಂದು ಮೈಕು ಇರಿಸಿದ್ದರು. ಬ್ಯಾಟರಿ ಅದರ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಹಸಿರು ಚೌಕದ ಮೇಲೆ ಬೆಳಕಿನ ಚುಕ್ಕೆ ಇಟ್ಟು ಡೈರೆಕ್ಟರು ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ಮಡಿಲಲ್ಲಿ ಕೈಕಟ್ಟಿ ಕೂತಿದ್ದಳು. ಈ ಏರಿಕೆಯ ಹಿಂದೆ ನಮ್ಮ ದಿವಂಗತ ಸಹೋದ್ಯೋಗಿಯ ಶ್ರಮವಿದೆ, ಅವರ ಶ್ರೀಮತಿಯವರೇ ಇವುಗಳನ್ನು ಪರಿಶೀಲಿಸಿದವರು, ಎಂದು ಅವರು ಅವಳ ಕಡೆ ಕೈ ತೋರಿದರು. ಎಲ್ಲರೂ ಪಾಪ ಎನ್ನುವ ಆ ಮುಖ ಹಾಕಿಕೊಂಡರು. ಹೆಡ್ ಕ್ಲಾರ್ಕ್ ವರದಿಯನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿದ.

“ಅದು ಹಕ್ಕಿ ಅಲ್ಲ ಸಾರ್,” ಎಂದಳು. “ನಮ್ಮನೆಯವರು.”

ಹೆಡ್ ಕ್ಲಾರ್ಕ್ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಹತ್ತಿರ ಇಟ್ಟ, ತಲೆ ತಿರುಗಿದವರಿಗೆ ಇಡುವ ಹಾಗೆ. ಡೈರೆಕ್ಟರು ಬಹಳ ಮೆತ್ತಗೆ, ಅಮ್ಮ, ದುಃಖದಲ್ಲಿ ಎಲ್ಲ ಕಡೆ ಹಾಗೇ ಕೇಳಿಸುತ್ತೆ, ನನ್ನ ತಂದೆ ತೀರಿಕೊಂಡಾಗ ನನಗೂ ಅವರ ಕೆಮ್ಮು ಕೇಳಿಸುತ್ತಿತ್ತು, ನೀವು ಸ್ವಲ್ಪ ಹೊರಗೆ ಗಾಳಿಗೆ ಹೋಗಿ ಬನ್ನಿ, ಎಂದರು. ಆ ಮೆತ್ತಗಿನ ದನಿಗೆ ಅವಳ ಕಾಲುಗಳು ಅರೆಕ್ಷಣ ಏಳಲು ಸಿದ್ಧವಾದವು. ಇಷ್ಟು ತಿಂಗಳಿಂದ ಆ ದನಿ ಎಬ್ಬಿಸಿದಾಗ ಎದ್ದು, ಕೂರಿಸಿದಾಗ ಕೂತು ರೂಢಿಯಾಗಿತ್ತು. ಅವಳು ಎದ್ದಳು. ಬಾಗಿಲ ಕಡೆ ಹೋಗದೆ ಮೇಜಿನ ಮೇಲೆ ಬಾಗಿ ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಗಂಡ ಎಷ್ಟು ಸಲ ಹೇಳಿಕೊಟ್ಟರೂ ಅವಳಿಗೆ ಸಿಳ್ಳೆ ಬಂದಿರಲಿಲ್ಲ. ನಾಲಿಗೆ ಮಡಿಸು, ಬಿಸಿ ಕಾಫಿ ಊದಿದ ಹಾಗಲ್ಲ ಕಣೆ, ಎಂದು ಅವನು ನಗುತ್ತಿದ್ದ. ಅವಳ ತುಟಿಯಿಂದ ಬರೀ ಗಾಳಿ ಬರುತ್ತಿತ್ತು. ಈಗಲೂ ಮೊದಲ ಸಲ ಗಾಳಿಯೇ ಬಂತು. ಯಾರೋ ಕೆಮ್ಮಿದರು. ಅವಳು ತುಟಿ ಒದ್ದೆ ಮಾಡಿಕೊಂಡು ಮತ್ತೆ ಹೊಡೆದಳು. ಎರಡು ಸ್ವರ ಏರಿದವು, ಅಡ್ಡಾದಿಡ್ಡಿಯಾಗಿ. ಮೂರನೆಯದು ಮುರಿಯುವ ಬದಲು ಒಡೆದ ಕೊಳವೆಯಲ್ಲಿ ನೀರು ಚಿಮ್ಮಿದ ಹಾಗೆ ಬಂತು. ಎಲ್ಲರೂ ಪರದೆ ನೋಡಿದರು. ಗೆರೆ ಮೇಲಕ್ಕೆದ್ದು ನಿಂತಿತು. ಪಕ್ಕದಲ್ಲಿ ಅಕ್ಷರ ಮೂಡಿತು: ಜೊಂಡುಕೋಳಿ. ನೂರಕ್ಕೆ ತೊಂಬತ್ತು ಪಾಲು ಖಚಿತ.

ಬ್ಯಾಟರಿಗೆ ನಗು ತಡೆಯಲಾಗಲಿಲ್ಲ. “ಅಕ್ಕ, ಇಷ್ಟು ಕೆಟ್ಟದಾಗಿ ಹೊಡೆದರೂ ಕೋಳಿ ಅಂತಿದೆಯಲ್ಲ ಇದು,” ಎಂದ.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಹಾಗಾದರೆ ಆತ ಲೆಕ್ಕ ಏರಿಸಲು ಬೇಕೆಂದೇ ಮಾಡಿದ, ಎಂದು ಹೆಡ್ ಕ್ಲಾರ್ಕ್ ಹೇಳಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಪಾಪ ಎಂಬ ಮಾತು ಅವನ ಬಾಯಿಂದ ಎಷ್ಟು ಬೇಗ ಮಾಯವಾಯಿತು. ಅವಳು ಬ್ಯಾಟರಿಗೆ ಸನ್ನೆ ಮಾಡಿದಳು. ಅವನು ಕತ್ತರಿಸದ ರೆಕಾರ್ಡಿಂಗ್ ಹಾಕಿದ. ಕೋಣೆಯ ತುಂಬ ಜೊಂಡು ಸರಸರಿಸಿತು. ಸಿಳ್ಳೆ. ಆಮೇಲೆ ಆ ಕಾಯುವಿಕೆ, ಈಗ ಇಡೀ ಮೇಜು ಅದರೊಳಗೆ ಸಿಕ್ಕಿಹಾಕಿಕೊಂಡಿತು. ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಕೈ ನಿಂತಿತು, ಡೈರೆಕ್ಟರು ತಮಗೆ ತಿಳಿಯದೆಯೇ ಕಿವಿ ಮುಂದೆ ಮಾಡಿದರು. ಜೌಗಿಗೆ ಒಮ್ಮೆಯೂ ಕಾಲಿಡದವರೆಲ್ಲ ಒಂದು ಹಕ್ಕಿಗಾಗಿ ಕಾಯುತ್ತಿದ್ದರು. ಇವತ್ತೂ ಇಲ್ಲ, ಎಂದ ಅವನು.

“ಲೆಕ್ಕ ಅಂದ್ರೆ ಇದು ಸಾರ್,” ಎಂದಳು. “ಹುಡುಕಿ ಹುಡುಕಿ ಇಲ್ಲ ಅಂದಿದ್ದಾರೆ. ಹೌದು ಅಂದವಳು ನಾನು. ಗೊತ್ತಿದ್ದೂ ಅಂದೆ. ಅದಕ್ಕೆ ನನ್ನನ್ನ ಏನು ಬೇಕಾದರೂ ಮಾಡಿ. ಸಿಳ್ಳೆ ಅಳಿಸಿಬಿಡಿ. ಆದರೆ ಆ ಇಲ್ಲ ಅನ್ನೋದನ್ನ ಮಾತ್ರ ಅಳಿಸೋ ಹಾಗಿಲ್ಲ. ನೀರು ನಿಲ್ಲಿಸೋ ಹಾಗೂ ಇಲ್ಲ.”

ನೆಗಡಿಯ ಹೆಂಗಸು ಕರವಸ್ತ್ರ ಇಳಿಸಿ, ಎಲ್ಲ ಕಂಬಗಳದ್ದೂ ಕತ್ತರಿಸದೆ ಇರುವುದು ನನಗೆ ಬೇಕು, ಎಂದಳು. ಅಷ್ಟೇ ಹೇಳಿದ್ದು. ಡೈರೆಕ್ಟರು ಚೌಕದ ಬಣ್ಣ ಬದಲಿಸುವಾಗ ಅವರ ಕೈ ಒಮ್ಮೆ ತಪ್ಪಿ ಹಳದಿಗೆ ಹೋಗಿ, ಆಮೇಲೆ ಕೆಂಪಿಗೆ ಬಂತು. ಮತ್ತೆ ಹಕ್ಕಿಯ ಕೂಗು ಕೇಳಿಸುವವರೆಗೆ ತೂಬು ತೆರೆದೇ ಇರಲಿ ಎಂದು ಬರೆದುಕೊಂಡರು. ಸಭೆ ಮುಗಿದ ಮೇಲೆ ಅವಳನ್ನು ಬಾಗಿಲಲ್ಲಿ ತಡೆದು, ನಿಮ್ಮ ಖಾಯಂ ಆಗೋ ಫೈಲು ನನ್ನ ಮೇಜಿನ ಮೇಲಿದೆ, ನೆನಪಿದೆಯಲ್ಲ, ಎಂದರು. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ನೆನಪಿದೆ ಸಾರ್, ಗಿಡಕ್ಕೆ ನೀರು ಹಾಕುವಾಗ ನೆನೆದೀತು, ಸ್ವಲ್ಪ ಆಚೆಗಿಡಿ, ಎಂದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಬಹಳ ದಿನಗಳಿಂದ ಯಾರಿಗೂ ಇಂಥ ಮಾತು ಆಡಿರಲಿಲ್ಲ, ಆಡುತ್ತಿದ್ದದ್ದು ಅವನೊಬ್ಬನಿಗೆ.

ತುಣುಕುಗಳನ್ನು ಬೇರೆ ಯಾರಾದರೂ ಒಟ್ಟಿಗೇ ಅಳಿಸಬಹುದಿತ್ತು, ಬ್ಯಾಟರಿ ಹಾಗೆಂದ ಕೂಡ. ಬೇಡ, ನಾನೇ ಒತ್ತಿದ್ದು, ಎಂದು ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಸುತ್ತಲಿನ ಮೇಜುಗಳು ಖಾಲಿಯಾದವು. ಇವತ್ತು ಯಾರೂ ಅವಳ ಭುಜ ಸವರಿ ಹೋಗಲಿಲ್ಲ, ಒಬ್ಬಿಬ್ಬರು ದುರುಗುಟ್ಟಿ ನೋಡಿದರು, ಅದು ಎಷ್ಟೋ ಹಿತವಾಗಿತ್ತು. ಒಂದೊಂದನ್ನೂ ಕೊನೆಯವರೆಗೆ ಕೇಳಿದಳು. ಮಳೆಯ ಮೇಲಿನದು: ಅಲ್ಲ. ನೆಗಡಿಯದು: ಅಲ್ಲ. ಅವನು ಮನೆಯ ಗಂಟೆ ಒತ್ತತೊಡಗಿದ ಮೇಲಿನ ತಾರೀಖಿನವು ಬಂದಾಗ ಬೆರಳು ನಿಂತಿತು. ಆಗ ಅವಳು ಕಿವಿಯಿಂದಲ್ಲ, ಬಾಯಿಯಿಂದ ಕೇಳತೊಡಗಿದಳು. ಅವನ ಗಾಳಿ ಎಲ್ಲಿ ಜಾರುತ್ತದೆ, ನಾಲಿಗೆ ಎಲ್ಲಿ ತಿರುಗುತ್ತದೆ ಎಂದು ತುಟಿಯನ್ನು ಅವನ ತುಟಿಯ ಹಾಗಿಟ್ಟುಕೊಂಡು, ಸದ್ದು ಮಾಡದೆ. ಅಲ್ಲ. ಅಲ್ಲ. ನಗುತ್ತಾ ಹೊಡೆದದ್ದನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದಕ್ಕೂ ಅಲ್ಲ ಒತ್ತಿದಾಗ ಪರದೆ, ನಿಮ್ಮ ಪರಿಶೀಲನೆ ಪೂರ್ಣವಾಗಿದೆ, ಧನ್ಯವಾದ, ಎಂದಿತು.

ಬಸ್ಸಿಳಿದು ಬೀದಿಯ ತಿರುವಿನಲ್ಲಿ ಬರುವಾಗ ಮನೆಯ ದೀಪ ಹತ್ತಿತ್ತು, ಗೇಟು ಒಳಗಿನಿಂದ ಹಾಕಿತ್ತು. ಗಂಟೆಯ ಮೇಲೆ ಬೆರಳಿಟ್ಟವಳು ತೆಗೆದಳು. ಎದುರುಮನೆಯವಳು ಒಣಗಿದ ಬಟ್ಟೆ ತೆಗೆಯುತ್ತಾ ನೋಡುತ್ತಿದ್ದಳು, ನೋಡಲಿ. ಎರಡು ಸ್ವರ ಏರಿದವು, ಮಧ್ಯಾಹ್ನಕ್ಕಿಂತ ನೆಟ್ಟಗೆ. ಮೂರನೆಯದು ಹೋಗಿ ಎಲ್ಲೋ ತಗಲಿಕೊಂಡಿತು. ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಏನೂ ಇಲ್ಲ. ಅವಳು ಉಸಿರು ಹಿಡಿದು ಕಾದಳು, ಹೀಗೆ ಕಾಯುವುದು ಹೇಗೆಂದು ಈಗ ಅವಳಿಗೆ ಗೊತ್ತಿತ್ತು. ಕಿಟಕಿಯ ಪರದೆ ಅಲುಗಿತು. ಬಾಗಿಲು ತೆರೆದು ಅತ್ತೆ ಚಪ್ಪಲಿ ಇಲ್ಲದ ಕಾಲಲ್ಲಿ ಗೇಟಿನವರೆಗೂ ಬಂದು, ಕಂಬಿ ಹಿಡಿದು ನಿಂತರು. ಬೆಳಕು ಅವರ ಬೆನ್ನಿಗಿತ್ತು. ಮುಖದಲ್ಲಿ ಏನಿದೆ ಎಂದು ಕಾಣಿಸಲಿಲ್ಲ. ಬಹಳ ಹೊತ್ತು ಚಿಲಕ ತೆಗೆಯಲೇ ಇಲ್ಲ.

“ಮೂರನೇದು ಹಾಗಲ್ಲ,” ಎಂದರು ಅತ್ತೆ. “ಇನ್ನೊಂದು ಸಲ ಹೊಡಿ.”